ಮಾಸ್ತಮ್ಮ ಬೈಯುವುದನ್ನು ಬಿಟ್ಟಳು

ಕೇಣಿ ಊರಿನ ದೇವುವಿನ ಮನೆಯಲ್ಲಿ ಬೆಳಗಾಯಿತೆಂದು ತಿಳಿಯಲು ಕೋಳಿ ಬೇಕಿರಲಿಲ್ಲ. ಅವನ ತಾಯಿ ಮಾಸ್ತಮ್ಮನ ಬಾಯಿ ಸಾಕಿತ್ತು. ಒಲೆ ಹೊತ್ತಿಸುವುದು ತಡವಾದರೆ ಸೊಸೆ ವೈಜಯಂತಿಗೆ, ಬಲೆ ಒಣಹಾಕದಿದ್ದರೆ ಮಗನಿಗೆ, ಕನ್ನಡಿ ಮುಂದೆ ನಿಂತರೆ ಮೊಮ್ಮಗಳು ಮಾನಸಾಳಿಗೆ, ಮನೆಯವರು ಯಾರೂ ಸಿಗದಿದ್ದರೆ ಅಂಗಳದ ನಾಯಿಗೆ, ಅಂತೂ ಬೈಗುಳ ಯಾರಿಗಾದರೂ ಸಲ್ಲಲೇಬೇಕು. ಅಂಥ ಬಾಯಿ ಈ ವರ್ಷ, ಸಮುದ್ರಕ್ಕೆ ಕಾಯಿ ಬಿಡುವ ನಾರಳಿ ಹುಣ್ಣಿಮೆ ಕಳೆದ ಮೇಲೆ, ಯಾರಿಗೂ ಹೇಳದೆ ಕೇಳದೆ, ನಿಂತುಹೋಯಿತು.

ವೈಜಯಂತಿಗೆ ಅದು ಮೊದಲು ಗೊತ್ತಾದದ್ದು ಬೆಕ್ಕಿನಿಂದ. ಸಾರಿಗೆಂದು ಕೊಯ್ದು ತೊಳೆದಿಟ್ಟ ಬಂಗಡೆಯನ್ನು ಮುಚ್ಚದೆ ಬಾವಿಗೆ ಹೋಗಿದ್ದಳು. ಬರುವಷ್ಟರಲ್ಲಿ ಬೆಕ್ಕು ಅರ್ಧ ಮುಗಿಸಿ ಮೀಸೆ ನೆಕ್ಕುತ್ತ ಕೂತಿತ್ತು, ಅತ್ತೆ ಬಾಗಿಲಲ್ಲೇ ನಿಂತಿದ್ದಳು. ವೈಜಯಂತಿ ಕೊಡ ಇಳಿಸಿ, ಸೆರಗು ಬಿಗಿದು, ತಿರುಗಿ ಕೊಡಬೇಕಾದ ಉತ್ತರವನ್ನು ನಾಲಗೆ ತುದಿಗೆ ತಂದುಕೊಂಡು ತಯಾರಾದಳು.

"ಹೋಗ್ಲಿ ಬಿಡು ತಂಗಿ, ಅದ್ಕೂ ಹೊಟ್ಟೆ ಅದೆ ಅಲಾ," ಎಂದಳು ಮಾಸ್ತಮ್ಮ. "ಉಳ್ದದ್ದೇ ಸಾರು ಮಾಡು. ನಂಗೆ ಉಪ್ಪಿನಕಾಯಿ ಇದ್ರೂ ಆಗ್ತದೆ."

ತಂಗಿ! ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು, ಆ ಬಾಯಲ್ಲಿ 'ದರಿದ್ರ' ಬಂದಿತ್ತು, 'ಸೋಂಬೇರಿ' ಬಂದಿತ್ತು, ಅವಳ ತವರೂರು ಹಿಡಿದು 'ಮಂಜಗುಣಿ ಮಹಾರಾಣಿ' ದಿನಕ್ಕೆರಡು ಸಲ ಬರುತ್ತಿತ್ತು. ತಂಗಿ ಎಂಬುದು ಬಂದಿರಲಿಲ್ಲ. ವೈಜಯಂತಿ ಹೆದರಿದಳು.

ಅತ್ತೆ ಬೈಯಲಿಲ್ಲವೆಂದು ಹೆದರುವ ಸೊಸೆ ಇರುತ್ತಾಳೆಯೇ ಎಂದು ನೀವು ಕೇಳಬಹುದು. ಮೀನು ಮಾರುವವರ ಮನೆಯಲ್ಲಿ ಬಾಳಿ ನೋಡಿ, ಆಮೇಲೆ ಕೇಳಿ. ಮದುವೆಯಾದ ಹೊಸತರಲ್ಲಿ ಮಾಸ್ತಮ್ಮನೇ ಇವಳಿಗೆ ಪಾಠ ಹೇಳಿದ್ದಳು: "ತಾಜಾ ಮೀನು ಇದ್ದವಳು ನಿನ್ನ ಮೋರೆ ಸಹ ನೋಡೂದಿಲ್ಲ. ಬೇಕಾದ್ರೆ ತಗೋ, ಇಲ್ಲಾಂದ್ರೆ ನಡಿ ಅಂತದೆ. 'ಬಾ ತಂಗಿ, ನಿಂಗೆ ಅಂತ್ಲೇ ತೆಗ್ದಿಟ್ಟೆ' ಅಂತು ಅಂದ್ರೆ, ಆಗ ಕಿವಿರು ಎತ್ತಿ ನೋಡು. ಬೆಳ್ಳಗಾಗಿರ್ತದೆ, ಹಳೇ ಮೀನು." ಆ ಮನೆಯಲ್ಲಿ ಬೈಗುಳ ಮನೆಯವರಿಗೆ, ಬೆಲ್ಲ ಗಿರಾಕಿಗೆ. ಈಗ ಅತ್ತೆ ಬೆಲ್ಲ ಸುರಿಯುತ್ತಿದ್ದಾಳೆಂದರೆ ಬುಟ್ಟಿಯ ತಳದಲ್ಲಿ ಏನೋ ಕೊಳೆಯುತ್ತಿದೆ ಎಂದೇ ಅರ್ಥ.

ಏನು ಕೊಳೆಯುತ್ತಿದೆ ಎಂದು ಊಹಿಸಲು ವೈಜಯಂತಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಂಕೋಲೆಯ ಮೀನುಪೇಟೆಯಲ್ಲಿ ಬಾಗಿಲಿಗೆ ಹತ್ತಿರ, ಮಾಡಿನ ನೆರಳಿನಲ್ಲಿ, ಮಾಸ್ತಮ್ಮನ ಜಾಗವಿತ್ತು. ಬಂದ ಗಿರಾಕಿ ಮೊದಲು ಕಾಣುವುದು ಅದನ್ನೇ. ಆ ಜಾಗ ಅವಳಿಗೆ ಅವಳ ಅತ್ತೆಯಿಂದ ಬಂದದ್ದು. ಅಲ್ಲಿ ಸಾಲಾಗಿ ಕೂತು ಮಾರುವ ಹೆಂಗಸರಲ್ಲಿ ಜಾಗಕ್ಕೆ ಕಾಗದಪತ್ರ ಯಾವುದೂ ಇಲ್ಲ, ಬಾಯಿಯೇ ಬೇಲಿ. ಯಾರಾದರೂ ಬುಟ್ಟಿ ಈಚೆ ಸರಿಸಿದರೆ ಅವತ್ತೇ, ಎಲ್ಲರೂ ಕೇಳುವಂತೆ ಬೈದು ಹಿಂದೆ ತಳ್ಳಬೇಕು. ಸುಮ್ಮನಿದ್ದರೆ ಬಿಟ್ಟುಕೊಟ್ಟಂತೆ. "ನನ್ನ ಸೊಂಟ ಸೋತ ದಿನ ನಿನ್ನ ಕೂರಿಸ್ತೆ" ಎಂದು ಮಾಸ್ತಮ್ಮ ಎಷ್ಟೋ ಸಲ ಹೇಳಿದ್ದಳು. ಕೇಣಿಯ ದಂಡೆಯಲ್ಲಿ ಬೇರೆಯವರ ಮೀನು ಆರಿಸಿ, ಒಣಗಿಸಿ, ಕೂಲಿ ಮಾಡುತ್ತಿದ್ದ ವೈಜಯಂತಿ ಆ ಮಾತನ್ನೇ ನೆಚ್ಚಿಕೊಂಡಿದ್ದಳು. ಅವಳಿಗೆ ಬೇರೆ ಆಸೆಯಿರಲಿಲ್ಲ. ಆ ನೆರಳಿನಲ್ಲಿ ಕೂತು, ತನ್ನ ಬುಟ್ಟಿಯನ್ನು ತಾನು ಮಾರಬೇಕು, ಅಷ್ಟೇ.

ಆದರೆ ಅತ್ತೆಗೆ ಒಬ್ಬ ಮಗಳಿದ್ದಳಲ್ಲ. ಸೌಜನ್ಯಾ. ಕಾಳಿ ಹೊಳೆಯಾಚೆ ಚಿತ್ತಾಕುಲಕ್ಕೆ ಕೊಟ್ಟಿತ್ತು. ಅವಳ ಗಂಡ ರಾಜೀವನಿಗೆ ಬೋಟಿನ ಕೆಲಸ ತಪ್ಪಿದ ಮೇಲೆ, "ನಾನೂ ಅಂಕೋಲಿ ಪೇಟೇಲಿ ಬುಟ್ಟಿ ಇಟ್ಟು ಕೂರ್ವಾ ಅಂತ ಕಾಣ್ತದೆ" ಎಂದು ಮೇ ತಿಂಗಳಲ್ಲಿ ಬಂದಾಗ ಒಂದು ಮಾತು ಆಡಿ ಹೋಗಿದ್ದಳು. ಆ ಮಾತು ವೈಜಯಂತಿಯ ಹೊಟ್ಟೆಯಲ್ಲಿ ಮೀನಿನ ಮುಳ್ಳಿನಂತೆ ಉಳಿದಿತ್ತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆಮೇಲಿನ ವಾರಗಳಲ್ಲಿ ವೈಜಯಂತಿಗೆ ಕಂಡದ್ದೆಲ್ಲ ಜಾಗದ ಸಂಚೇ. ಅತ್ತೆ ಪೇಟೆ ಮುಗಿಸಿ ನೊಗ್ಲಿ, ಶೆಟ್ಲಿ ಎಂದು ಒಳ್ಳೊಳ್ಳೆಯ ಮೀನು ಮನೆಗೇ ತರತೊಡಗಿದಳು. ಮೊದಲೆಲ್ಲ ಮನೆಗೆ ಬರುತ್ತಿದ್ದದ್ದು ಅಗ್ಗದ ತಾರ್ಲೆ, ಅದೂ ತಲೆ ಒಡೆದದ್ದು.

"ಇಷ್ಟು ಚಲೋ ಮೀನು ಮಾರೂದ ಬಿಟ್ಟು ಮನೆಗೆ ಎಂತಕ್ಕೆ ತಂದ್ರಿ?"

"ನೀವು ತಿನ್ಲಿ ಅಂತ್ಲೇ. ಎಷ್ಟ ಮಾರೂದು? ತಿಂಬದು ಯಾವಾಗ?"

ಲಂಚ, ಎಂದುಕೊಂಡಳು ವೈಜಯಂತಿ. ಊಟಕ್ಕೆ ಕೂತಾಗ ಅತ್ತೆ ತನ್ನ ತಟ್ಟೆಯಿಂದ ಮೀನಿನ ತಲೆ ತೆಗೆದು ಇವಳ ತಟ್ಟೆಗೆ ಹಾಕಿದಳು. ಮತ್ತೂ ದೊಡ್ಡ ಲಂಚ. ಟಿವಿಯಲ್ಲಿ ಯಾವುದೋ ಮಗು ಅತ್ತರೆ ಮಾಸ್ತಮ್ಮನೂ ಸೆರಗಿನಿಂದ ಕಣ್ಣೊರೆಸಿದಳು. ಗಂಡ ಸಮುದ್ರದಿಂದ ಬರದೇ ಹೋದ ದಿನ ದಂಡೆಯಲ್ಲಿ ಕಲ್ಲಿನಂತೆ ನಿಂತಿದ್ದವಳು ಅವಳು. ಇನ್ನು ವಾರಕ್ಕೊಂದು ಸಲ, ಮಂಗಳವಾರವೋ ಬುಧವಾರವೋ, ಪೇಟೆಯಿಂದಲೇ ಬಸ್ಸು ಹತ್ತಿ ಚಿತ್ತಾಕುಲಕ್ಕೆ.

"ಎಂತ ಕೆಲಸ ಇತ್ತು ಅಲ್ಲಿ?"

"ಕೆಲಸ ಎಂತದೂ ಇಲ್ಲ. ಸುಮ್ನೆ ಹೋದೆ."

ಸುಮ್ಮನೆ! ಮಾಸ್ತಮ್ಮ ತನ್ನ ಜೀವಮಾನದಲ್ಲಿ ಸುಮ್ಮನೆ ಎಲ್ಲಿಗಾದರೂ ಹೋದದ್ದುಂಟೇ? ಮಗಳ ಬಾಣಂತನಕ್ಕೂ ಒಣಮೀನಿನ ಚೀಲ ಹೊತ್ತು ಹೋಗಿ, ಮಾರಿ ಬಂದ ಹೆಂಗಸು.

ವೈಜಯಂತಿ ಪರೀಕ್ಷೆಗೆ ಇಳಿದಳು. ಒಂದು ದಿನ ಗಂಜಿ ತಳ ಹಿಡಿಸಿದಳು. ಮಾಸ್ತಮ್ಮ ಮೇಲಿನದನ್ನು ಬಸಿದುಕೊಂಡು ಉಂಡಳು. ಇನ್ನೊಂದು ದಿನ ಸಾರಿಗೆ ಬೇಕೆಂದೇ ಎರಡು ಹಿಡಿ ಉಪ್ಪು ಹಾಕಿದಳು. ದೇವು ಒಂದು ತುತ್ತು ಬಾಯಿಗಿಟ್ಟು ಅಂಗಳಕ್ಕೆ ಓಡಿದ. ಮಾನಸಾ "ಅಮ್ಮ, ಸಮುದ್ರದ ನೀರೇ ಹಾಕಿದ್ಯಾ?" ಎಂದಳು. ಮಾಸ್ತಮ್ಮ ಎದ್ದು ಹೋಗಿ ಒಂದು ಕಾಯಿ ತುರಿದು, ರುಬ್ಬಿ, ಸಾರಿಗೆ ಸೇರಿಸಿ ಕುದಿಸಿ ತಂದಿಟ್ಟಳು.

"ಕೆಲಸ ಜಾಸ್ತಿ ಆದ್ರೆ ಕೈ ತಪ್ತದೆ. ಯಾರಿಗೂ ಆಗೂದೇ," ಎಂದಳು.

ವೈಜಯಂತಿಗೆ ಅಳುವೇ ಬಂತು. ಮಧ್ಯಾಹ್ನ ಬಲೆ ಹೊಲಿಯುತ್ತ ಕೂತಿದ್ದ ಗಂಡನ ಮೇಲೆ ಹರಿಹಾಯ್ದಳು.

"ನಿಮ್ಮ ಅವ್ವಿ ಮನಸಲ್ಲಿ ಎಂತದೋ ಅದೆ. ಜಾಗ ಮಗಳಿಗೆ ಕೊಡೂಕೆ ಸಂಚು ಮಾಡ್ತದೆ ಅದು."

ದೇವು ಹಲ್ಲಿನಲ್ಲಿ ದಾರ ಕಡಿದ. "ಇಷ್ಟು ವರ್ಷ ಬೈತದೆ ಹೇಳಿ ಅಳ್ತಿದ್ದಿ. ಈಗ ಬೈಯೂದಿಲ್ಲ ಹೇಳಿ ಅಳ್ತಿ. ನಿಂಗೆ ಎಂತ ಬೇಕು ಅದಾದ್ರೂ ಹೇಳು ಮಾರಾಯ್ತಿ."

"ನಂಗೆ ನಿಜ ಬೇಕು."

"ನಿಜ ಅಂದ್ರೆ ವಯಸ್ಸಾಯ್ತು ಅದ್ಕೆ. ಅಷ್ಟೇಯ."

"ವಯಸ್ಸಾದ್ರೆ ಬಾಯಿ ಜಾಸ್ತಿ ಆಗ್ತದೆ, ಕಡ್ಮೆ ಆಗೂದಲ್ಲ. ಊರಲ್ಲಿ ಯಾವ ಮುದುಕಿನಾದ್ರೂ ನೋಡಿ!"

ದೇವು ಮತ್ತೆ ಬಲೆಗೆ ಬಾಗಿದ. ಮಾನಸಾ ಪುಸ್ತಕದಿಂದ ತಲೆ ಎತ್ತಿ, "ನೀನೇ ಅಜ್ಜಿ ಹತ್ರ ಕೇಳ್ಬಹುದಲ್ಲ ಅಮ್ಮ," ಎಂದಳು. "ನಿಂಗೆ ಗೊತ್ತಾಗೂದಿಲ್ಲ, ಓದು ನೀನು," ಎಂದು ಅವಳಿಗೂ ಒಂದು ಬಿತ್ತು.

ದಸರೆ ಕಳೆದ ಮೊದಲ ಭಾನುವಾರ ಸೌಜನ್ಯಾ ತಾನಾಗಿಯೇ ಬಂದಳು. ಬಂದವಳು ನೇರ ಒಲೆಯ ಹತ್ತಿರ ಹೋಗಿ, ತಟ್ಟೆ ಹಾಕುತ್ತಿದ್ದ ವೈಜಯಂತಿಯ ಎದುರು ನಿಂತಳು.

"ಅತ್ತಿಗೆ, ನನ್ನ ಅವ್ವಿಗೆ ಎಂತ ಮಾಡ್ದಿ ನೀನು?"

"ನಾನಾ?"

"ಮತ್ತ್ಯಾರು? ನನ್ನ ಮನೆಗೆ ಬತ್ತದೆ, ಪಾತ್ರೆ ಹಂಗೇ ಬಿದ್ದಿರ್ತದೆ, ಒಂದು ಮಾತು ಬೈಯೂದಿಲ್ಲ. ನನ್ನ ತಲೆ ಸವರ್ತದೆ! ನಮ್ಮ ಅವ್ವಿ ತಲೆ ಸವರೂ ಹೆಂಗಸಾ? ನೀ ಹೆದರ್ಸಿ ಇಟ್ಟಿದ್ದಿ ಅದ್ನ. ಜಾಗ ಕೊಡದಿದ್ರೆ ಗಂಜಿ ಹಾಕೂದಿಲ್ಲ ಅಂದಿ ಅಲ್ದಾ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡಂಗೆ ಆಯ್ತು ಇದು! ಜಾಗದ ಮಾತು ನಾ ತೆಗೀಲಿಲ್ಲ, ನೀ ತೆಗ್ದಿ. ವಾರ ವಾರ ಅವ್ವಿನ ಕರ್ಸ್ಕಂಡು ಬೆಣ್ಣೆ ಹಚ್ಚೂದು ಯಾರು?"

"ಬೆಣ್ಣೆ ತಿಂಬೂಕೇ ಇಲ್ಲ ನಮ್ಮನೇಲಿ, ಹಚ್ಚೂಕೆ ಎಲ್ಲಿಂದ ತರ್ಲಿ?" ಎನ್ನುತ್ತ ಸೌಜನ್ಯಾ ತನಗೆ ಹಾಕಿದ್ದ ತಟ್ಟೆಯ ಮುಂದೆ ಕೂತಳು.

ಮಾಸ್ತಮ್ಮ ತಟ್ಟೆಯ ಮುಂದೆ ಕೂತು ಇಬ್ಬರ ಮೋರೆಯನ್ನೂ ನೋಡುತ್ತಿದ್ದಳು. ಮಗಳಿಗೆಂದು ಅವಳೇ ಅವತ್ತು ಇಸವಣ ಮೀನು ಹುರಿದಿದ್ದಳು.

"ಉಣ್ಣಿ ಮಕ್ಕಳೇ. ಆರ್ತದೆ," ಎಂದಳು.

"ಉಣ್ಣೂದು ಆಮೇಲೆ," ಎಂದಳು ವೈಜಯಂತಿ. "ಹೇಳಿ ಅತ್ತೆ. ನಿಮ್ಮ ಮಗಳು ಎದುರಿಗೇ ಇದ್ದಾಳೆ. ಜಾಗ ಯಾರಿಗೆ?"

ಮಾಸ್ತಮ್ಮ ಬಾಯಿ ತೆರೆದಳು. ಇಬ್ಬರೂ ಕಾದರು. ಈಗ ಬರುತ್ತದೆ, ಈಗ ಮಾಡು ಹಾರುತ್ತದೆ ಎಂದು ದೇವು ಕೂಡ ತುತ್ತು ಹಿಡಿದು ಕಾದ. ಮುದುಕಿ ಬಾಯಿ ಮುಚ್ಚಿದಳು. ಅವಳ ಕಣ್ಣಲ್ಲಿ ನೀರು ಬಂತು.

"ಇದ್ರ ಮೇಲೂ ನಾಟಕ," ಎಂದಳು ವೈಜಯಂತಿ. "ಕೊಳೆತ ಮೀನು ಮಾರೂವಳೂ ಇಷ್ಟು ನಾಟಕ ಮಾಡೂದಿಲ್ಲ. ತಾಯಿ ಮಗಳು ಸೇರಿ ತಿನ್ನಿ, ನಂಗೆ ಎಂತದೂ ಬೇಡ. ಈ ಮನೇಲಿ ಉಂಡು ಈ ಮನೆಗೇ ಕನ್ನ ಹಾಕೂಕೆ ಬರೂದು ಮಾತ್ರ ಚಲೋ ಅಲ್ಲ."

ಉಣ್ಣಲು ಕೂತವಳಿಗೆ ಆಡುವ ಮಾತಲ್ಲ ಅದು. ಸೌಜನ್ಯಾ ಎದ್ದಳು. ತಟ್ಟೆ ಮುಟ್ಟಿರಲಿಲ್ಲ. ಚಪ್ಪಲಿ ಮೆಟ್ಟಿ, ತಿರುಗಿಯೂ ನೋಡದೆ ನಡೆದೇಬಿಟ್ಟಳು. ದೇವು ಹಿಂದೆ ಓಡಿದ, ರಿಕ್ಷಾ ಹೋಗಿಯಾಗಿತ್ತು. ಮಾಸ್ತಮ್ಮ ಮಗಳ ತಟ್ಟೆಯ ಇಸವಣದ ತುಂಡನ್ನು ಬಟ್ಟಲಿಗೆ ಹಾಕಿ ಮುಚ್ಚಿಟ್ಟಳು. ಅವಳೂ ಉಣ್ಣಲಿಲ್ಲ. ಒಂದೇ ಒಂದು ಬೈಗುಳವೂ ಬರಲಿಲ್ಲ.

ಮಾರನೆಯ ದಿನ ವೈಜಯಂತಿ ದಂಡೆಯ ಕೂಲಿಗೆ ಹೋಗಲಿಲ್ಲ. ಅತ್ತೆ ಬುಟ್ಟಿ ಹೊತ್ತು ಹೋದ ಮೇಲೆ ಟೆಂಪೋ ಹತ್ತಿ ಅಂಕೋಲೆಗೆ ಹೊರಟಳು. ತಾಯಿ ಮಗಳು ಪೇಟೆಯಲ್ಲಿ ಸೇರುತ್ತಾರೆ, ಜಾಗದ ಮಾತು ಅಲ್ಲೇ ಮುಗಿಯುತ್ತದೆ, ಕೈಯಾರೆ ಹಿಡಿಯಬೇಕು ಎಂಬುದು ಅವಳ ಎಣಿಕೆ. ಮಳೆಗಾಲಕ್ಕೆ ಮುಂಚೆ ಬಂದದ್ದು, ಮತ್ತೆ ಪೇಟೆಯ ಕಡೆ ತಲೆ ಹಾಕಿರಲಿಲ್ಲ.

ಬಾಗಿಲ ಹತ್ತಿರದ ನೆರಳಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಸೌಜನ್ಯಾ ಅಲ್ಲ. ಪಕ್ಕದಲ್ಲಿ ಹೀರಾ, ಮಾಸ್ತಮ್ಮನ ವಾರಿಗೆಯವಳು, ಇಬ್ಬರೂ ಅಕ್ಕಪಕ್ಕ ಕೂತು ತಲೆ ನರೆತವರು. ಅತ್ತೆಯ ಬುಟ್ಟಿ ಎಲ್ಲೂ ಕಾಣಲಿಲ್ಲ. ವೈಜಯಂತಿ ಸಾಲಿನ ಉದ್ದಕ್ಕೂ ನೋಡುತ್ತ ಹೋದಳು. ಕಟ್ಟಕಡೆಗೆ, ನೀರು ಹರಿದು ಹೋಗುವ ಗಟಾರದ ಪಕ್ಕ, ಬಿಸಿಲಲ್ಲಿ, ಮಾಸ್ತಮ್ಮ ಕೂತಿದ್ದಳು. ಬುಟ್ಟಿ ತುಂಬಾ ನೊಗ್ಲಿ. ಅಷ್ಟು ದೂರ ನಡೆದು ಬರುವ ಗಿರಾಕಿ ಯಾರೂ ಇರಲಿಲ್ಲ.

ವೈಜಯಂತಿ ತಿರುಗಿ ಹೀರಾಳ ಹತ್ತಿರ ಬಂದಳು. "ಏ ಹೀರಕ್ಕ, ಇದು ನಮ್ಮತ್ತೆ ಜಾಗ ಅಲ್ದಾ?"

"ಆಗಿತ್ತು," ಎಂದಳು ಹೀರಾ, ಕಣ್ಣು ತಪ್ಪಿಸಿ. "ಅದೇ ಬಿಟ್ಟದ್ದು. ಹುಣ್ಣಿಮೆ ಕಳೆದ ಮೇಲೆ ನಾ ಬುಟ್ಟಿ ಒಂದು ಗೇಣು ಈಚೆ ತಂದೆ. ನೋಡ್ವಾ ಹೇಳಿ. ಬೈಲಿಲ್ಲ. ಮತ್ತೊಂದು ಗೇಣು ತಂದೆ. 'ಹೀರಾ, ನಿಂಗೆ ಬಿಸಿಲು ಆಗೂದಿಲ್ಲ ಅಲಾ, ಈಚೆ ಬಾ' ಅಂತು. ನಂಗೆ ಹೆದ್ರಿಕೆನೇ ಆಯ್ತು ನೋಡು. ಮಾಸ್ತಕ್ಕ ಬೆಲ್ಲದಂಗೆ ಮಾತಾಡ್ತದೆ ಅಂದ್ರೆ ಎಂತದೋ ಅದೆ ಹೇಳಿ ಅನ್ನ ಇಳೀಲಿಲ್ಲ. ಕಡೆಗೆ ಸಾಲಿನವರೆಲ್ಲ ಬಿಟ್ಟಂಗೇ ಅಂದ್ರು. ನಮ್ಮ ಸೊಸೆ ನಾಗಶ್ರೀನ ಕೂರ್ಸ್ದೆ."

ವೈಜಯಂತಿ ಚಿತ್ತಾಕುಲದ ಬಸ್ಸಿಗೆ ಕಣ್ಣಿಟ್ಟಿದ್ದಳು, ಉಪ್ಪು ಹಾಕಿ ನೋಡಿದ್ದಳು. ಇತ್ತ ಜಾಗ ಗೇಣು ಗೇಣಾಗಿ ಹೋಗುತ್ತಿತ್ತು. ಈಗ ತಾನು ಕೂಗಿ ಪ್ರಯೋಜನವಿಲ್ಲವೆಂದೂ ಅವಳಿಗೆ ಗೊತ್ತಿತ್ತು. ಕೂತವಳ ಬಾಯಿಗಷ್ಟೇ ಅಲ್ಲಿ ಬೆಲೆ, ಕೂರದವಳು ಕೂಗಿದರೆ ಗಿರಾಕಿ ಕೂಗಿದಂತೆ. ಗಟಾರದ ಹತ್ತಿರ ಓಡಿ ಅತ್ತೆಯ ರಟ್ಟೆ ಹಿಡಿದಳು.

"ಏಳಿ ಅತ್ತೆ, ಬೈರಿ ಅದಕ್ಕೆ! ಇನ್ನೂ ತಡ ಆಗ್ಲಿಲ್ಲ. ನೀವು ಬೈದ್ರೆ ಸಾಲಿನವರು ಕೇಳ್ತರು. ಒಂದು ಸಲ ಬೈರಿ, ನಿಮ್ಮ ಕಾಲಿಗೆ ಬೀಳ್ತೆ."

ಮಾಸ್ತಮ್ಮ ಎದ್ದು ಬಂದಳು. ಸಾಲಿಗೆ ಸಾಲೇ ಮಾತು ನಿಲ್ಲಿಸಿತು. ಮೀನು ಕೊಯ್ಯುತ್ತಿದ್ದ ಮೆಟ್ಟುಗತ್ತಿಗಳೂ ನಿಂತವು. ಹೀರಾ ಸೆರಗು ಬಿಗಿದು ತಯಾರಾದಳು.

"ಹೀರಾ," ಎಂದಳು ಮಾಸ್ತಮ್ಮ. ಉಸಿರು ಎಳೆದುಕೊಂಡಳು. "ನಿನ್ನ ಮೊಣಕಾಲು ನೋವು ಹೆಂಗದೆ ಈಗ?"

ಯಾರೋ ಕಿಸಕ್ಕನೆ ನಕ್ಕರು. ಹೀರಾ ನಗಲಿಲ್ಲ. "ಬೈಯೇ ಮಾರಾಯ್ತಿ!" ಎಂದು ಕಿರುಚಿದಳು. "ನನ್ನ ಮೋರೆಗೆ ಬೆಂಕಿ ಹಚ್ಚ ಅನ್ನು, ಹೊಟ್ಟೆ ಸುಡ್ಲಿ ಅನ್ನು! ಬೈಸ್ಕಂಡು ತಗಂಡ್ರೆ ಗೆದ್ದಂಗೆ. ಹಿಂಗೆ ಕೊಟ್ರೆ ನಾ ಕದ್ದಂಗೆ ಆಗ್ತದೆ!"

"ಬರೂದಿಲ್ವೇ. ಎಂತ ಮಾಡ್ಲಿ?"

ಹೀರಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಆದರೆ ಸೊಸೆಯನ್ನು ಏಳಿಸಲಿಲ್ಲ. ಅಂಥ ಜಾಗ ಯಾರು ಬಿಡುತ್ತಾರೆ?

ಗಟಾರದ ಪಕ್ಕಕ್ಕೆ ಮರಳಿದ ಮೇಲೆ ಮಾಸ್ತಮ್ಮ ತನ್ನ ಮಣೆಯನ್ನು ಸೊಸೆಯ ಕಡೆ ತಳ್ಳಿದಳು. "ಕೂತ್ಕ. ನಾ ಮಾತು ಕೊಟ್ಟಿದ್ದೆ. ಇಷ್ಟೇ ಉಳ್ದದ್ದು, ಇದು ನಿಂದು." ಸಾಲಿನ ಹೆಂಗಸರು ಕೇಳುವಂತೆಯೇ ಹೇಳಿದಳು. ವೈಜಯಂತಿ ಕೂತಳು. ಹೊಸದಾಗಿ ಕೂತವಳು ಬುಟ್ಟಿ ಖಾಲಿಯಾಗುವವರೆಗೆ ಏಳಬಾರದು, ಎದ್ದರೆ ಕೂತದ್ದು ಲೆಕ್ಕಕ್ಕಿಲ್ಲ ಎಂಬುದು ಅಲ್ಲಿಯ ಪದ್ಧತಿ.

"ಎಂತಾಗದೆ ನಿಮ್ಗೆ ಅತ್ತೆ?" ಎಂದಳು. ಇಷ್ಟು ವಾರದಲ್ಲಿ ಅದನ್ನು ನೇರ ಕೇಳಿದ್ದು ಅದೇ ಮೊದಲು.

"ಎಂತದೂ ಇಲ್ಲ. ಸಿಟ್ಟು ಬರೂದು ನಿಂತದೆ. ಮೊದ್ಲು ಹೊಟ್ಟೆಯಿಂದ ಎದ್ದು ಬತ್ತಿತ್ತು, ಈಗ ಕರೆದ್ರೂ ಬರೂದಿಲ್ಲ. ಬೈವಾ ಅಂತ ಬಾಯಿ ತೆಗೀತೆ, ಎದುರಿನವರ ಮೋರೆ ಕಾಣ್ತದೆ, ಪಾಪ ಅನ್ನಿಸ್ತದೆ. ಹೀರಾಂದೂ ಹಂಗೇ. ಮಗಳ್ನ ನೋಡ್ವಾ ಅನ್ಸಿದ್ರೆ ಮೊದ್ಲು ನಾಚ್ಕೆ ಆಗ್ತಿತ್ತು, ಈಗ ಬಸ್ಸು ಹತ್ತಿ ಹೋಗ್ತೆ. ನಿಂಗೆ ಮೀನಿನ ತಲೆ ಇಷ್ಟ ಅಂತ ನೀ ಬಂದ ವರ್ಷನೇ ಗೊತ್ತಿತ್ತು. ಕೊಡೂಕೆ ಸೊಕ್ಕು ಬಿಡ್ತಿರ್ಲಿಲ್ಲ."

"ಮಾರದೆ ಉಳಿದ ಮೀನು ಮನೆಗೆ ತರ್ತಿದ್ರಿ ಅಲ್ದಾ?"

"ಹೌದು. ಹೇಳಿದ್ರೆ ನಿಂಗೆ ಬೇಜಾರು ಆಗ್ತಿತ್ತು."

ವೈಜಯಂತಿ ಬುಟ್ಟಿಯ ಮೀನಿಗೆ ನೀರು ಚಿಮುಕಿಸಿದಳು.

"ನನ್ನ ಮೇಲೂ ಸಿಟ್ಟಿಲ್ವಾ? ನಿನ್ನೆ ಸೌಜೂಗೆ ಹಂಗೆ ಅಂದದ್ದಕ್ಕೆ?"

"ಸಿಟ್ಟಿಲ್ಲ ತಂಗಿ," ಎಂದಳು ಮಾಸ್ತಮ್ಮ. "ದುಃಖ ಅದೆ. ಉಣ್ಣದೆ ಹೋಯ್ತು ಅದು."

ಸಿಟ್ಟಿಗಾದರೆ ವೈಜಯಂತಿಯ ಹತ್ತಿರ ಉತ್ತರವಿತ್ತು. ಒಂದಕ್ಕೆ ಎರಡು ಕೊಡಬಹುದಿತ್ತು, ಜಗಳ ಹತ್ತಿ, ಸಂಜೆ ಚಹಾದ ಹೊತ್ತಿಗೆ ಮರೆತುಹೋಗುತ್ತಿತ್ತು. ಇದಕ್ಕೆ ಏನು ಹೇಳುವುದು? ಮುದುಕಿ ಆ ದುಃಖವನ್ನು ಬೈದು ಹೊರಹಾಕಲಾರದೆ, ಆ ಇಸವಣದ ತುಂಡಿನಂತೆ ಮುಚ್ಚಿಟ್ಟುಕೊಂಡು ಕೂತಿದ್ದಾಳೆ. ಅದನ್ನು ಅಲ್ಲಿ ಇಟ್ಟವಳು ತಾನೇ.

ವೈಜಯಂತಿ ಎದ್ದಳು.

"ಏ! ಏಳ್ಬೇಡ್ವೇ!" ದೂರದಿಂದ ಹೀರಾ ಕೂಗಿದಳು. "ಒಂದು ಮೀನೂ ಹೋಗ್ಲಿಲ್ಲ ಇನ್ನೂ! ಅದೂ ಕೈ ತಪ್ತದೆ!"

"ತಪ್ಲಿ."

"ಎಲ್ಲಿಗೆ?" ಎಂದಳು ಮಾಸ್ತಮ್ಮ.

"ಚಿತ್ತಾಕುಲಕ್ಕೆ. ನೀವು ಬಿಸಿಲಲ್ಲಿ ಕೂರ್ಬೇಡಿ, ಮೀನು ಯಾರಿಗಾದ್ರೂ ಕೊಟ್ಟು ಮನೆಗೆ ನಡೀರಿ."

ಕಾರವಾರದ ಬಸ್ಸಿನಲ್ಲಿ ಪಕ್ಕದ ಹೆಂಗಸು ಮೀನಿನ ವಾಸನೆಗೆ ಮೂಗು ಮುಚ್ಚಿ ಆಚೆ ಸರಿದಳು. ವೈಜಯಂತಿಗೆ ಅದರ ಪರಿವೆ ಇರಲಿಲ್ಲ. ದಾರಿಯುದ್ದಕ್ಕೂ ಅವಳು ಒಳ್ಳೆಯ ಮಾತು ಹುಡುಕುತ್ತಿದ್ದಳು. ತಪ್ಪಾಯಿತು ಸೌಜು. ನನ್ನ ಬುದ್ಧಿಗೆ ಮಂಕು ಕವಿದಿತ್ತು. ಕಾರವಾರದಲ್ಲಿ ಬಸ್ಸು ಬದಲಿಸಿ, ಸೇತುವೆ ದಾಟುವಾಗಲೂ ಅದನ್ನೇ ಉರು ಹೊಡೆದಳು. ಎಷ್ಟು ಉರು ಹೊಡೆದರೂ ಅದು ಬೇರೆ ಯಾರದೋ ಬಾಯಿಯ ಮಾತಿನಂತೆ ಇತ್ತು.

ಸೌಜನ್ಯಾ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅತ್ತಿಗೆಯನ್ನು ಕಂಡು ಎದ್ದವಳ ಮೋರೆ ಗಂಟಾಯಿತು.

"ಯಾಕೆ ಬಂದಿ? ಈಗ ಎಂತ ಹೊಸ ಹೂಟ?"

ವೈಜಯಂತಿ ಬಾಯಿ ತೆರೆದಳು. ಉರು ಹೊಡೆದದ್ದೆಲ್ಲ ಎಲ್ಲಿ ಹೋಯಿತೋ.

"ಹೂಟ ಅಂತೆ ಹೂಟ! ಯಾರೇ ನಿಂಗೆ ಹೇಳಿದ್ದು ಉಣ್ಣದೆ ಹೋಗೂಕೆ?" ಅಕ್ಕಪಕ್ಕದ ಮನೆಯವರು ಹೊರಗೆ ಬಂದರು. "ನಾ ಎಂತದೋ ಒದರ್ದೆ, ನನ್ನ ಬಾಯಿಗೆ ಮಣ್ಣು ಬೀಳ್ಲಿ, ನಿಂಗೆ ಬುದ್ಧಿ ಎಲ್ಲಿ ಹೋಗಿತ್ತು? ತಟ್ಟೆ ಬಿಟ್ಟು ಏಳ್ತಿಯಾ? ಅಷ್ಟು ಸೊಕ್ಕಾ? ಆ ಮುದುಕಿ ನಿನ್ನೆಯಿಂದ ಒಂದು ಅಗಳು ಬಾಯಿಗೆ ಇಡ್ಲಿಲ್ಲ. ನಡಿ ಮನೆಗೆ, ದರಿದ್ರವೇ! ನಡಿ, ಉಣ್ಣೂಕೆ!"

ಸೌಜನ್ಯಾ ಒದ್ದೆ ಕೈಯಲ್ಲಿ ನಿಂತೇ ಇದ್ದಳು. ಇಷ್ಟು ವಾರಗಳಲ್ಲಿ ತವರಿನವರು ಯಾರೂ ಅವಳನ್ನು ಹಾಗೆ, ಮನೆಯವಳಂತೆ, ಬೈದಿರಲಿಲ್ಲ. ಅವಳ ಕಣ್ಣು ತುಂಬಿತು, ಮೋರೆಯ ಗಂಟು ಬಿಚ್ಚಿಕೊಂಡಿತು.

"ನಿಲ್ಲು, ಸೀರೆ ಬದಲಿಸ್ಕಂಡು ಬತ್ತೆ," ಎಂದು ಒಳಗೆ ಹೋದಳು.

ಅವಳು ಹೊರಗೆ ಬರುವವರೆಗೂ ವೈಜಯಂತಿ ಜಗಲಿಯ ಮೇಲೆ ಕೂತು, ಕಣ್ಣೊರೆಸಿಕೊಳ್ಳುತ್ತ, ಬೈಯುತ್ತಲೇ ಇದ್ದಳು.